ಹನ್ನೊಂದು ನೈಸ್

ಪ್ರೀತಿಯ ಪುಟ್ಟಾ,

ನೀನು ಕಳಿಸಿದ ಬರಹ ಓದಿದೆ. "ದೊಡ್ಡಮ್ಮ, ತಪ್ಪಿದ್ದರೆ ತಿದ್ದಿ ಕೊಡಿ ಸಾಕು, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ" ಅಂದಿದ್ದೆ. ತಪ್ಪು ಅಂಥದ್ದೇನೂ ಇಲ್ಲ. ಎರಡು ಕಡೆ ಕಾಮಾ, ಒಂದು ಕಡೆ ಸ್ಪೆಲ್ಲಿಂಗ್. ವ್ಯಾಕರಣದ ತಪ್ಪು ಒಂದೇ ಒಂದು. ಅದನ್ನು ಆಮೇಲೆ ಹೇಳುತ್ತೇನೆ. ಐದು ನಿಮಿಷದಲ್ಲಿ ಕೆಲಸ ಮುಗಿದಿತ್ತು. ಅಲ್ಲಿಗೆ ಪೆನ್ಸಿಲ್ ಕೆಳಗಿಡಬೇಕಿತ್ತು, ಇಡಲಿಲ್ಲ. ಒಂದೇ ಪದದ ಸುತ್ತ ಸುಮ್ನೆ ಸೊನ್ನೆ ಹಾಕುತ್ತಾ ಹೋದೆ. ಕೊನೆಗೆ ಎಣಿಸಿದರೆ 11. ಒಂದೇ ಪುಟದಲ್ಲಿ 11 ಸಲ "ನೈಸ್".

ಕೋಪ ಮಾಡಿಕೊಳ್ಳಬೇಡ. ನಿಮ್ಮ ಮೇಡಂ ಕೆಲಸ ಬಿಟ್ಟು ಹೊರಡುತ್ತಿದ್ದಾರೆ, ಅವರ ಬಗ್ಗೆ ನಾಲ್ಕು ಮಾತು ಇಂಗ್ಲಿಷಿನಲ್ಲಿ ಓದಬೇಕು, ಅದಕ್ಕೆ ನಿನ್ನನ್ನೇ ಆರಿಸಿದ್ದಾರೆ. ನನಗೆ ಹೆಮ್ಮೆಯೇ. ಆದರೆ ಮೂರು ವರ್ಷದಿಂದ ಫೋನಿನಲ್ಲಿ ನಿನ್ನ ಬಾಯಿಂದ ಈ ಮೇಡಂ ಕಥೆ ಕೇಳಿದವಳು ನಾನು. ನಿನ್ನ ಮೊದಲ ವರದಿಯನ್ನು ಕೆಂಪು ಶಾಯಿಯಲ್ಲಿ ಮುಳುಗಿಸಿ ವಾಪಸ್ ಕೊಟ್ಟವರು. "ಇದನ್ನ ಯಾರು ಓದಬೇಕು ಅಂತ ಬರೆದಿದ್ದೀಯಾ?" ಅಂತ ಎಲ್ಲರ ಮುಂದೆ ಕೇಳಿದವರು. ಅದೇ ಮನುಷ್ಯರು ಮೇಲಿನವರ ಮುಂದೆ ನಿನ್ನ ತಪ್ಪನ್ನು ತಮ್ಮ ತಪ್ಪು ಅಂತ ಒಪ್ಪಿಕೊಂಡು ಬಂದರು. ಅವತ್ತು ರಾತ್ರಿ ನೀನು ಫೋನ್ ಮಾಡಿ ಎಷ್ಟು ಹೊತ್ತು ಮಾತಾಡಿದ್ದೆ, ನೆನಪಿದೆಯಾ? ಈಗ ಬರಹದಲ್ಲಿ ನೋಡಿದರೆ "ಶೀ ಈಸ್ ಎ ವೆರಿ ನೈಸ್ ಪರ್ಸನ್" ಅಂತ ಒಂದು ಸಾಲು. ಕೆಂಪು ಶಾಯಿ ಎಲ್ಲಿ ಹೋಯಿತು?

ಹಾಗಂತ ನೈಸ್ ಕೆಟ್ಟ ಪದ ಅಂತ ನಾನು ಹೇಳುವುದಿಲ್ಲ. ಕೆಲವು ಮೇಷ್ಟ್ರುಗಳು ಆ ಪದ ಕಂಡರೆ ಸಾಕು, ಕೆಂಪು ಗೆರೆ ಎಳೆಯುತ್ತಾರೆ. ಅದು ನನಗೆ ಅತಿ ಅನಿಸುತ್ತದೆ. ಇಷ್ಟು ವರ್ಷ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿಕೊಂಡು ಬದುಕಿದವಳು ನಾನು. ನನ್ನನ್ನು ಅತಿ ಜಾಸ್ತಿ ಆಟ ಆಡಿಸಿದ ಪದಗಳು ದೊಡ್ಡ ದೊಡ್ಡ ಪದಗಳಲ್ಲ, ಇಂಥ ಪುಟಾಣಿಗಳೇ. ದೊಡ್ಡ ಪದಕ್ಕೆ ನಿಘಂಟು ನೋಡುತ್ತೇವೆ. ನೈಸ್‌ಗೆ ಯಾರು ನೋಡುತ್ತಾರೆ?

ಮೊದಲು ನಮ್ಮ ನೈಸ್ ವಿಚಾರ. ಈ ಪದ ಕನ್ನಡಕ್ಕೆ ಬಂದು ಬೇರೆಯೇ ಸಂಸಾರ ಹೂಡಿದೆ. ಮರವನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ನೈಸ್ ಮಾಡುತ್ತೇವೆ. ಪುಡಿ ನೈಸಾಗಿದೆ ಅನ್ನುತ್ತೇವೆ. ಯಾರನ್ನೋ ನೈಸ್ ಮಾಡಿ ಕೆಲಸ ಮಾಡಿಸಿಕೊಳ್ಳುತ್ತೇವೆ. ಕಷ್ಟದ ಕೆಲಸ ಬಂದಾಗ ನೈಸಾಗಿ ಜಾರಿಕೊಳ್ಳುತ್ತೇವೆ. ನೀನೂ ಚಿಕ್ಕವನಿದ್ದಾಗ ಹಾಗೆ ಎಷ್ಟು ಸಲ ಜಾರಿಕೊಂಡಿದ್ದೀಯೋ! ಇದರಲ್ಲಿ ಯಾವುದೂ ಇಂಗ್ಲಿಷಿನ ನೈಸ್ ಅಲ್ಲ. ನನ್ನ ಊಹೆ ಏನೆಂದರೆ, ನಮ್ಮಲ್ಲಿ ಮೊದಲೇ "ನಯ" ಇತ್ತು. ನಯವಾದ ಬಟ್ಟೆ, ನಯವಾದ ಮಾತು, ನಯವಂಚಕ. ನೈಸ್ ಬಂದು ನಯದ ಪಕ್ಕದಲ್ಲಿ ಕೂತುಕೊಂಡು ಅದರ ಗುಣವೆಲ್ಲಾ ಕಲಿತುಬಿಟ್ಟಿತು. ನುಣುಪೂ ಬಂತು, ನುಣುಚುವುದೂ ಬಂತು. ಆದರೆ ಇಂಗ್ಲಿಷ್ ಮಾತೃಭಾಷೆಯವರ ಹತ್ತಿರ "ಮೇಕ್ ದ ಸರ್ಫೇಸ್ ನೈಸ್" ಅಂದರೆ ಅವರು ಚೆಂದ ಮಾಡಬೇಕು ಅಂದುಕೊಳ್ಳುತ್ತಾರೆ, ನುಣುಪು ಮಾಡಬೇಕು ಅಂತಲ್ಲ. ನುಣುಪಿಗೆ ಅವರು ಸ್ಮೂತ್ ಅನ್ನುತ್ತಾರೆ, ಪುಡಿಗೆ ಫೈನ್ ಅನ್ನುತ್ತಾರೆ. ನಿನ್ನ ಆಫೀಸಿನ ಪತ್ರಗಳಲ್ಲಿ ಇದೊಂದು ಗಮನದಲ್ಲಿರಲಿ.

ಈಗ ಅವರ ನೈಸ್‌ನ ಜಾತಕ ಕೇಳು, ಮಜಾ ಇದೆ. ಲ್ಯಾಟಿನ್‌ನಲ್ಲಿ "ನೆಸ್ಕಿಯುಸ್" ಅಂತ ಒಂದು ಪದ. "ನೆ" ಅಂದರೆ ಇಲ್ಲ, "ಸ್ಕೀರೆ" ಅಂದರೆ ತಿಳಿಯುವುದು. ಒಟ್ಟಿನಲ್ಲಿ ಏನೂ ತಿಳಿಯದವನು. ಅದೇ "ಸ್ಕೀರೆ"ಯಿಂದ ಸೈನ್ಸ್ ಅನ್ನುವ ಪದವೂ ಬಂದಿದೆ. ಅಂದರೆ ಸೈನ್ಸ್ ಮತ್ತು ನೈಸ್ ಒಂದೇ ಮನೆಯ ಮಕ್ಕಳು. ಒಬ್ಬ ತಿಳಿದವನು, ಇನ್ನೊಬ್ಬ ತಿಳಿಯದವನು. ಈ ಪದ ಹಳೆಯ ಫ್ರೆಂಚ್ ಮೂಲಕ 1300ರ ಆಸುಪಾಸಿಗೆ ಇಂಗ್ಲಿಷಿಗೆ ಬಂತು. ಬಂದಾಗ ಅದರ ಅರ್ಥ ದಡ್ಡ, ಪೆದ್ದ. 14ನೇ ಶತಮಾನದಲ್ಲಿ ಕವಿ ಚಾಸರ್ ಬದುಕಿದ್ದಾಗ ಯಾರನ್ನಾದರೂ ನೈಸ್ ಅಂದಿದ್ದರೆ ಅದು ಬೈಗುಳವೇ. (ಫ್ರಾನ್ಸಿನಲ್ಲಿ ಇದೇ ಸ್ಪೆಲ್ಲಿಂಗಿನ ಒಂದು ಊರಿದೆ. ಅದನ್ನು ನೀಸ್ ಅಂತ ಹೇಳಬೇಕು. ಅದು ಗ್ರೀಕರ "ವಿಜಯ"ದ ಪದದಿಂದ ಬಂದ ಹೆಸರು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ.)

ಆಮೇಲೆ ಪದ ಒಂದೊಂದೇ ಹೆಜ್ಜೆ ಸರಿಯಿತು. ದಡ್ಡ ಅಂದಿದ್ದು ಸೋಗಿನವನು, ಲಂಪಟ ಅಂತೆಲ್ಲಾ ಆಯಿತು. ಅಲ್ಲಿಂದ ಯಾವುದೂ ಸರಿ ಕಾಣದ, ಎಲ್ಲದರಲ್ಲೂ ಕೊಂಕು ಹುಡುಕುವ ನಾಜೂಕಿನವನು. ಅಲ್ಲಿಂದ ನಾಜೂಕು, ಆಮೇಲೆ ಸೂಕ್ಷ್ಮ, ಕರಾರುವಾಕ್ಕು. 16, 17ನೇ ಶತಮಾನದ ಬರಹಗಳಲ್ಲಿ ಈ ಪದ ಸಿಕ್ಕರೆ ಬರೆದವನ ಮನಸ್ಸಿನಲ್ಲಿ ಯಾವ ಅರ್ಥ ಇತ್ತು ಅಂತ ಹೇಳುವುದು ಎಷ್ಟೋ ಕಡೆ ಪಂಡಿತರಿಗೂ ಕಷ್ಟ. ಹಿತವಾದದ್ದು, ಖುಷಿ ಕೊಡುವಂಥದ್ದು ಅನ್ನುವ ಈಗಿನ ಅರ್ಥ ಗಟ್ಟಿಯಾಗಿ ನಿಂತದ್ದು 18ನೇ ಶತಮಾನದಲ್ಲಿ. ಹಿತವಾಗಿ ನಡೆದುಕೊಳ್ಳುವ ಮನುಷ್ಯ ಅನ್ನುವುದು ಇನ್ನೂ ಆಮೇಲೆ.

ಹೀಗೂ ಆಗುತ್ತಾ ಅನ್ನಬೇಡ. ನಮ್ಮ "ಪಾಪ" ನೋಡು. ಮೂಲದಲ್ಲಿ ಅದು ಮಾಡಬಾರದ ಕೆಲಸ, ನರಕಕ್ಕೆ ದಾರಿ. ನಾವು ಈಗ "ಪಾಪ, ತುಂಬಾ ಪಾಪದ ಹುಡುಗ" ಅನ್ನುತ್ತೇವೆ. ಯಾರಾದರೂ ಸಂಸ್ಕೃತ ಮಾತ್ರ ಗೊತ್ತಿರುವವರು ಕೇಳಿದರೆ ಹುಡುಗ ಏನು ಅಪರಾಧ ಮಾಡಿದ ಅಂತ ಗಾಬರಿಯಾಗಬೇಕು. "ಸಾಧು" ಋಷಿಗಳ ಮಟ್ಟದಲ್ಲಿದ್ದ ಪದ, ಈಗ ಹಾಯದ ಹಸುವಿಗೂ ಸಾಧು ಅಂತೀವಿ. ಇಂಗ್ಲಿಷಿನಲ್ಲಿ ನೈಸ್ ಮೇಲೆ ಹತ್ತುತ್ತಿದ್ದಾಗ ಎದುರಿಗೆ ಸಿಲ್ಲಿ ಇಳಿದು ಬರುತ್ತಿತ್ತು. ಸಿಲ್ಲಿ ಅಂದರೆ ಮೊದಲು ಧನ್ಯ, ದೇವರ ಕೃಪೆಗೆ ಪಾತ್ರನಾದವನು. ಜರ್ಮನ್ ಭಾಷೆಯಲ್ಲಿ ಅದರ ಒಡಹುಟ್ಟಿದ ಪದಕ್ಕೆ ಇವತ್ತಿಗೂ ಆ ಅರ್ಥ ಇದೆ. ಇಂಗ್ಲಿಷಿನಲ್ಲಿ ಮಾತ್ರ ಧನ್ಯ ಹೋಗಿ ಮುಗ್ಧ ಆಗಿ, ಪಾಪದವನಾಗಿ, ಕೊನೆಗೆ ಪೆದ್ದನಾಗಿ ಕೂತ. ಇಬ್ಬರೂ ಮೆಟ್ಟಿಲ ಮೇಲೆ ಎದುರಾಗಿ ಜಾಗ ಬದಲಾಯಿಸಿಕೊಂಡ ಹಾಗೆ.

ಹಳೆಯ ಅರ್ಥ ಪೂರ್ತಿ ಸತ್ತಿಲ್ಲ, ಪುಟ್ಟಾ. ಅದು ನನ್ನ ಕಾಲಿಗೆ ಒಮ್ಮೆ ಚುಚ್ಚಿದೆ. ಕೆಲಸಕ್ಕೆ ಸೇರಿದ ಹೊಸದು. ಕಾನೂನಿನ ಬಗ್ಗೆ ಒಂದು ಪ್ರಬಂಧ ಅನುವಾದ ಮಾಡುತ್ತಿದ್ದೆ. ಅದರಲ್ಲಿ "ಎ ನೈಸ್ ಪಾಯಿಂಟ್ ಆಫ್ ಲಾ" ಅಂತ ಬಂತು. ನಾನು ಕ್ಷಣ ಕೂಡ ಯೋಚಿಸದೆ ಬರೆದೆ: "ಇದು ಕಾನೂನಿನ ಒಂದು ಒಳ್ಳೆಯ ಅಂಶ. ಇದರ ಬಗ್ಗೆ ನ್ಯಾಯಾಧೀಶರಲ್ಲಿ ಒಮ್ಮತ ಇರಲಿಲ್ಲ." ಕರಡು ತಿದ್ದುವವರಿಗೂ ಗೊತ್ತಾಗಲಿಲ್ಲ. ಹಾಗೇ ಅಚ್ಚಾಯಿತು. ತಿಂಗಳ ಮೇಲೆ ಒಬ್ಬ ಓದುಗರಿಂದ ಪೋಸ್ಟ್ ಕಾರ್ಡ್ ಬಂತು. ಸಣ್ಣ ಅಕ್ಷರ, ಎರಡೇ ಸಾಲು: "ಅಂಶ ಅಷ್ಟು ಒಳ್ಳೆಯದಾಗಿದ್ದರೆ ನ್ಯಾಯಾಧೀಶರು ಯಾಕೆ ಜಗಳವಾಡಿದರು? ದಯವಿಟ್ಟು ತಿಳಿಸಿ." ನಗುತ್ತಲೇ ನಿಘಂಟು ತೆಗೆದೆ. ನೈಸ್‌ನ ಅರ್ಥಗಳ ಸಾಲಿನಲ್ಲಿ ಕೆಳಗೆಲ್ಲೋ "ಸೂಕ್ಷ್ಮವಾದ, ಕೂದಲು ಸೀಳುವಂಥ" ಅಂತ ಇತ್ತು. ನಗು ನಿಂತಿತು. ನಾನು ಬರೆಯಬೇಕಾಗಿದ್ದದ್ದು "ಕಾನೂನಿನ ಒಂದು ಸೂಕ್ಷ್ಮ ಪ್ರಶ್ನೆ" ಅಂತ. ಆ ಕಾರ್ಡನ್ನು ಅದೇ ಪುಟದಲ್ಲಿ ಇಟ್ಟೆ. ನಿಘಂಟಿನ ಬೈಂಡಿಂಗ್ ಎರಡು ಸಲ ಬದಲಾಗಿದೆ, ಕಾರ್ಡ್ ಅಲ್ಲೇ ಇದೆ. "ನೈಸ್ ಡಿಸ್ಟಿಂಕ್ಷನ್" ಅಂತ ಎಲ್ಲಾದರೂ ಓದಿದರೆ ನೀನೂ ಒಂದು ಗಳಿಗೆ ನಿಲ್ಲು. ಒಳ್ಳೆಯ ವ್ಯತ್ಯಾಸ ಅಲ್ಲ ಅದು, ಕೂದಲೆಳೆಯ ವ್ಯತ್ಯಾಸ. "ನೈಸಿಟಿ" ಅನ್ನುವ ನಾಮಪದದಲ್ಲೂ ಅದೇ ಸೂಕ್ಷ್ಮದ ವಾಸನೆ ಇದೆ. ಒಳ್ಳೆಯತನಕ್ಕೆ ಅವರು ಬೇರೆಯಾಗಿ "ನೈಸ್‌ನೆಸ್" ಅಂತ ಮಾಡಿಕೊಂಡಿದ್ದಾರೆ.

ಸರಿ, ಆ ಒಂದು ವ್ಯಾಕರಣದ ತಪ್ಪಿಗೆ ಬರೋಣ. "ಶೀ ಸ್ಪೀಕ್ಸ್ ನೈಸ್ ಟು ಎವ್ರಿವನ್" ಅಂತ ಬರೆದಿದ್ದೀಯಾ. ಅಲ್ಲಿ ನೈಸ್ಲಿ ಆಗಬೇಕು. ಈ ತಪ್ಪು ನಮ್ಮವರಿಗೆ ಯಾಕೆ ಆಗುತ್ತದೆ ಅಂತ ನನಗೆ ಗೊತ್ತು. ನಮ್ಮ "ಚೆನ್ನಾಗಿ" ಎರಡೂ ಕೆಲಸ ಮಾಡುತ್ತದೆ. ಚೆನ್ನಾಗಿ ಹಾಡುತ್ತಾಳೆ, ಹಾಡು ಚೆನ್ನಾಗಿದೆ. ಒಂದೇ ಪದ, ಕನ್ನಡಕ್ಕೆ ಏನೂ ತೊಂದರೆ ಇಲ್ಲ. ಇಂಗ್ಲಿಷಿನಲ್ಲಿ ಹಾಡುವ ರೀತಿಗೆ ನೈಸ್ಲಿ, ಹಾಡಿಗೆ ನೈಸ್. ಇಲ್ಲಿಯವರೆಗೆ ಸುಲಭ. ಕೆಲವರು ಇದನ್ನು ಕಲಿತ ಮೇಲೆ ಇನ್ನೊಂದು ಹಳ್ಳಕ್ಕೆ ಬೀಳುತ್ತಾರೆ. ಹೂವಿನ ವಾಸನೆ ಚೆನ್ನಾಗಿದೆ ಅನ್ನುವುದಕ್ಕೆ "ಇಟ್ ಸ್ಮೆಲ್ಸ್ ನೈಸ್ಲಿ" ಅನ್ನುತ್ತಾರೆ. ಸ್ಮೆಲ್ಸ್ ಕ್ರಿಯಾಪದ, ಅದರ ಮುಂದೆ ನೈಸ್ಲಿ ಬರಬೇಕು ಅಂತ ಲೆಕ್ಕ. ಆದರೆ ಹೂವು ಏನನ್ನೂ ಮೂಸುತ್ತಿಲ್ಲವಲ್ಲ! ಅಲ್ಲಿ ಹೇಳುತ್ತಿರುವುದು ಹೂವು ಹೇಗಿದೆ ಅಂತ. ಲುಕ್ಸ್, ಸೌಂಡ್ಸ್, ಸ್ಮೆಲ್ಸ್, ಟೇಸ್ಟ್ಸ್, ಫೀಲ್ಸ್ ಮುಂದೆ ಹೀಗೆ ನೈಸ್ ಅನ್ನೇ ಇಡಬೇಕು. ಅನುಮಾನ ಬಂದರೆ ಆ ಕ್ರಿಯಾಪದ ತೆಗೆದು "ಈಸ್" ಹಾಕಿ ನೋಡು. ಅರ್ಥ ಹೆಚ್ಚುಕಡಿಮೆ ನಿಂತರೆ ನೈಸ್, ಬಿದ್ದುಹೋದರೆ ನೈಸ್ಲಿ.

ಮಿಕ್ಕ ಸಣ್ಣಪುಟ್ಟದ್ದು ಬೇಗ ಹೇಳಿಬಿಡುತ್ತೇನೆ. ಮೋರ್ ನೈಸ್ ಅಲ್ಲ, ನೈಸರ್. "ಇಟ್ ವಾಸ್ ನೈಸ್ ಆಫ್ ಯೂ" ಅಂದರೆ ನೀವು ಮಾಡಿದ್ದು ಒಳ್ಳೆಯ ಕೆಲಸ, "ಶೀ ವಾಸ್ ನೈಸ್ ಟು ಮೀ" ಅಂದರೆ ನನ್ನ ಜೊತೆ ಚೆನ್ನಾಗಿ ನಡೆದುಕೊಂಡರು. "ನೈಸ್ ವಿತ್ ಮೀ" ಅಂತ ನೀನು ಎರಡನೇ ಪ್ಯಾರಾದಲ್ಲಿ ಬರೆಯಲು ಹೊರಟು ಹೊಡೆದು ಹಾಕಿದ್ದೀಯಾ, ಒಳ್ಳೆಯದೇ ಆಯಿತು. ಮೊದಲ ಸಲ ಪರಿಚಯ ಆದವರಿಗೆ "ನೈಸ್ ಟು ಮೀಟ್ ಯೂ", ಆಮೇಲೆ ಪ್ರತಿ ಸಲವೂ "ನೈಸ್ ಟು ಸೀ ಯೂ". ಹಳೆಯ ಪರಿಚಯದವರಿಗೆ ಮೀಟ್ ಅಂದರೆ, ನಿಮ್ಮನ್ನು ಮರೆತೇ ಬಿಟ್ಟಿದ್ದೆ ಅಂದ ಹಾಗಾಗುತ್ತದೆ. ಇನ್ನು ಪದಗಳ ಸರದಿ. "ಎ ನೈಸ್ ಓಲ್ಡ್ ಹೌಸ್" ಅನ್ನುತ್ತಾರೆ, "ಆನ್ ಓಲ್ಡ್ ನೈಸ್ ಹೌಸ್" ಅನ್ನುವುದಿಲ್ಲ. ನಮ್ಮ ಅಭಿಪ್ರಾಯ ಮೊದಲು, ವಸ್ತುವಿನ ಗುಣ ಆಮೇಲೆ. "ನೈಸ್ ಆ್ಯಂಡ್ ವಾರ್ಮ್" ಅಂತ ಇನ್ನೊಂದಿದೆ. ಅಲ್ಲಿ ನೈಸ್ ಬೇರೆ, ವಾರ್ಮ್ ಬೇರೆ ಅಲ್ಲ. ಹಿತವಾಗಿ ಬೆಚ್ಚಗಿದೆ ಅಂತ ಒಟ್ಟು ಅರ್ಥ.

ಇದೆಲ್ಲಾ ಯಾವ ವ್ಯಾಕರಣದ ಪುಸ್ತಕದಲ್ಲೂ ಸಿಗುತ್ತದೆ. ಸಿಗದೇ ಇರುವುದು ದನಿ. ನೈಸ್ ಹೇಳುವ ದನಿ ಬದಲಾದರೆ ಅರ್ಥ ತಲೆಕೆಳಗು. "ನೈಸ್ ಟ್ರೈ" ಅಂದರೆ ಆಗಲಿಲ್ಲ, ಬಿಡು ಅಂತ. ಮೀಟಿಂಗಿಗೆ ಅರ್ಧ ಗಂಟೆ ತಡವಾಗಿ ಹೋದವನಿಗೆ "ನೈಸ್ ಆಫ್ ಯೂ ಟು ಜಾಯ್ನ್ ಅಸ್" ಅಂದರೆ ಅದು ಸ್ವಾಗತ ಅಲ್ಲ. ನಮ್ಮಲ್ಲಿ "ಬಂದ್ರಾ ಸ್ವಾಮಿ, ದಯಮಾಡಿಸಿ" ಅಂತಾರಲ್ಲ, ಅದು. "ದಟ್ ವಾಸಂಟ್ ವೆರಿ ನೈಸ್" ಅಂದರೆ ಅಷ್ಟೇನೂ ಚೆನ್ನಾಗಿರಲಿಲ್ಲ ಅಂತ ತಿಳಿದು ಸುಮ್ಮನಿರಬೇಡ. ಬ್ರಿಟಿಷರು ಹಾಗೆ ಅಂದರೆ ತುಂಬಾ ನೊಂದಿದ್ದಾರೆ ಅಂತಲೇ ಇಟ್ಟುಕೊ. "ಕ್ವೈಟ್ ನೈಸ್" ಇನ್ನೂ ತಮಾಷೆ. ಅಮೆರಿಕದವರ ಬಾಯಲ್ಲಿ ಅದು ಸಾಮಾನ್ಯವಾಗಿ ತುಂಬಾ ಚೆನ್ನಾಗಿದೆ, ಬ್ರಿಟಿಷರ ಬಾಯಲ್ಲಿ ಎಷ್ಟೋ ಸಲ ಪರವಾಗಿಲ್ಲ ಅಷ್ಟೇ. ಇನ್ನು ನೀನು ಹತ್ತು ಸಾಲು ಮೆಸೇಜ್ ಬರೆದು ಕಳಿಸಿದಾಗ ಆ ಕಡೆಯಿಂದ ಬರೀ "ನೈಸ್" ಅಂತ ಬಂದರೆ ಏನರ್ಥ ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ನೈಸ್‌ಗೆ ತೂಕ ಕಡಿಮೆ. ಅದು ಅದರ ದೋಷ ಅಲ್ಲ, ಅದರ ಅಳತೆ. ಯಾರೋ ಬಾಗಿಲು ಹಿಡಿದುಕೊಂಡು ನಿಂತರು, ಮಳೆ ನಿಂತು ಬಿಸಿಲು ಬಂತು, ಹೊಸ ಅಂಗಿ ಒಪ್ಪುತ್ತದೆ. ಇಂಥದ್ದಕ್ಕೆ ನೈಸ್ ಸರಿಯಾಗಿ ಕೂರುತ್ತದೆ. ಅಲ್ಲಿ ಮ್ಯಾಗ್ನಿಫಿಸೆಂಟ್ ಅಂದರೆ ಜನ ನಗುತ್ತಾರೆ. ಆದರೆ ಒಬ್ಬರು ಇನ್ನೊಬ್ಬರಿಗೆ ತಮ್ಮ ಕಿಡ್ನಿ ದಾನ ಮಾಡಿದರು ಅಂದಾಗ "ದಟ್ಸ್ ನೈಸ್" ಅಂದರೆ, ಕೇಳಿದವರು ನಿನ್ನ ಮುಖ ನೋಡುತ್ತಾರೆ. ಚಿನ್ನದ ತಕ್ಕಡಿಯಲ್ಲಿ ಮೂಟೆ ತೂಗಿದ ಹಾಗೆ.

ಇದರ ಬಗ್ಗೆ ತಕರಾರು ಹೊಸದೇನಲ್ಲ. 1817ರ ಕೊನೆಗೆ, ಜೇನ್ ಆಸ್ಟಿನ್ ತೀರಿಕೊಂಡ ಕೆಲವು ತಿಂಗಳ ಮೇಲೆ, "ನಾರ್ತ್ಯಾಂಗರ್ ಆಬಿ" ಅನ್ನುವ ಅವರ ಕಾದಂಬರಿ ಹೊರಬಂತು. ಅದರಲ್ಲಿ ಹುಡುಗಿಯೊಬ್ಬಳು ಒಂದು ಪುಸ್ತಕವನ್ನು ತುಂಬಾ ನೈಸ್ ಅನ್ನುತ್ತಾಳೆ. ಜೊತೆಗಿದ್ದವನು, ನೈಸ್ ಅಂದರೆ ಅಚ್ಚುಕಟ್ಟು ಅಂತ ತಾನೇ, ಅದು ಬೈಂಡಿಂಗ್ ಹೇಗಿದೆ ಅನ್ನುವುದರ ಮೇಲೆ ಹೋಗುತ್ತದೆ ಅಂತ ಅವಳನ್ನು ರೇಗಿಸುತ್ತಾನೆ. ನನಗೆ ಅವನ ಮೇಲೆ ಸ್ವಲ್ಪ ಸಿಟ್ಟೇ ಬರುತ್ತದೆ. ಹುಡುಗಿ ಖುಷಿಯಾಗಿ ಏನೋ ಹೇಳುತ್ತಿದ್ದಾಗ ನಿಘಂಟು ತೆಗೆಯುವವನ ಜೊತೆ ಮಾತಾಡುವುದು ಕಷ್ಟ. ಈ ಕಾಗದ ಓದುತ್ತಾ ನಿನಗೂ ಹಾಗೇ ಅನಿಸುತ್ತಿರಬಹುದು. ಆದರೆ ಮಾತು ಬೇರೆ, ಬರೆದು ಓದುವುದು ಬೇರೆ, ಅಲ್ವಾ? ಮಾತಿನಲ್ಲಿ ನೈಸ್ ಅಂದಾಗ ಮುಖ, ಕೈ, ಕಣ್ಣು ಎಲ್ಲಾ ಸಹಾಯಕ್ಕೆ ಬರುತ್ತವೆ. ಕಾಗದದ ಮೇಲೆ ಅದು ಒಂಟಿ.

ನಾನು ಮಾಡುವ ಒಂದು ಉಪಾಯ ಹೇಳುತ್ತೇನೆ. ನೈಸ್ ಅಂತ ಬರೆಯಲು ಕೈ ಹೋದಾಗ ಅದನ್ನು ಮೊದಲು ಕನ್ನಡದಲ್ಲಿ ಅಂದುಕೊ. ಆದರೆ "ಚೆನ್ನಾಗಿದೆ" ಅಂತ ಬೇಡ, ಅದೂ ಇದರ ಅಣ್ಣನೇ. ಕಿವಿಗೆ ಹಿತವಾದರೆ ಇಂಪು. ಮೂಗಿಗಾದರೆ ಕಂಪು. ಮೈಗೆ ತಂಪು. ಜೋಡಿಸಿಟ್ಟಿದ್ದು ಚೆಂದ ಕಂಡರೆ ಓರಣ. ಮಾತಾಡುವ ರೀತಿಗೆ ಮೆದು, ನಯ, ಅಕ್ಕರೆ. ಅಂಗಿ ಒಪ್ಪುತ್ತದೆ, ಮಗು ಮುದ್ದಾಗಿದೆ. ಇಂದ್ರಿಯಕ್ಕೊಂದು ಪದ ಇಟ್ಟುಕೊಂಡು ಬೆಳೆದವರು ನಾವು. ಅದರಲ್ಲಿ ಯಾವುದು ನಿನ್ನ ಮನಸ್ಸಿನಲ್ಲಿದೆ ಅಂತ ಗೊತ್ತಾದರೆ ಇಂಗ್ಲಿಷ್ ಪದ ತಾನಾಗಿ ಸಿಗುತ್ತದೆ. ಸಿಗದಿದ್ದರೆ ಪದವೇ ಬೇಡ, ನಡೆದದ್ದನ್ನು ಹೇಳಿಬಿಡು.

ಈಗ ನಿನ್ನ ಮೇಡಂ. ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀನು ಹೇಳಿದ ಕಥೆಗಳೆಲ್ಲಾ ನಿಜವಾಗಿದ್ದರೆ ಅವರು ನೈಸ್ ಅಲ್ಲವೇ ಅಲ್ಲ. ನೈಸ್ ಆಗಿರುವವರು ಎಲ್ಲರ ಮುಂದೆ ಹಾಗೆ ಕೇಳುವುದಿಲ್ಲ. ವರದಿ ಓದಿ "ಗುಡ್, ಗುಡ್" ಅಂತ ನೈಸಾಗಿ ವಾಪಸ್ ಕೊಡುತ್ತಾರೆ. ನಿನಗೆ ಅವತ್ತು ಖುಷಿಯಾಗುತ್ತಿತ್ತು, ಮೂರು ವರ್ಷದ ಮೇಲೂ ಹಾಗೇ ಬರೆಯುತ್ತಿದ್ದೆ. ನೈಸ್ ಅನ್ನುವುದು ನಮಗೆ ಆ ಹೊತ್ತು ಹೇಗನಿಸಿತು ಅನ್ನುವ ಲೆಕ್ಕ. ಕೈಂಡ್ ಅನ್ನುವುದು ಬೇರೆ. ಅವರು ತಮಗೆ ನಷ್ಟ ಮಾಡಿಕೊಂಡು ನಿನಗೆ ಏನು ಕೊಟ್ಟರು ಅನ್ನುವ ಲೆಕ್ಕ ಅದು. ಫೇರ್ ಅನ್ನುವುದೂ ಬೇರೆ. ನಿನ್ನನ್ನು ಕೇಳಿದ ಪ್ರಶ್ನೆಯನ್ನೇ ಅವರು ತಮಗಿಂತ ಹಿರಿಯರನ್ನೂ ಕೇಳುತ್ತಿದ್ದರು ಅಂದಿದ್ದೆಯಲ್ಲ? ಸಿಡುಕಿನವರಾಗಿದ್ದೂ ಕೈಂಡ್ ಆಗಿರಬಹುದು. ನೈಸ್ ಆಗಿದ್ದೂ ಕೈಕೊಡುವವರನ್ನು ನಾನು ಎಷ್ಟೋ ಮಂದಿ ನೋಡಿದ್ದೇನೆ. ಅವರ ಪುರಾಣ ಇಲ್ಲಿ ಬೇಡ. ಮೇಡಂ ಮುಂದೆ ಕೂತು ತಮ್ಮ ಬಗ್ಗೆ 11 ಸಲ ನೈಸ್ ಅಂತ ಕೇಳಿದರೆ, ಇದು ಯಾರ ಬಗ್ಗೆ ಓದುತ್ತಿದ್ದಾನೆ ಅಂತ ಅವರಿಗೇ ಅನುಮಾನ ಬರುತ್ತದೆ.

ಹಾಗಾಗಿ ನಾನು ಮಾಡಿದ್ದು ಇಷ್ಟು. ಎರಡು ನೈಸ್ ಹಾಗೇ ಬಿಟ್ಟಿದ್ದೇನೆ. ಒಂದು ಮೊದಲ ಸಾಲಿನದು, ಎಲ್ಲರೂ ಸೇರಿದ್ದು ನೈಸ್ ಅನ್ನುವುದು. ಅಲ್ಲಿ ಅದೇ ಸರಿ. ಇನ್ನೊಂದು, ಬೀಳ್ಕೊಡುಗೆಗೆ ಬಂದವರಿಗೆ "ಇಟ್ಸ್ ನೈಸ್ ಆಫ್ ಯೂ ಟು ಕಮ್" ಅನ್ನುವುದು. ನಗುತ್ತಾ ಓದು, ಇಲ್ಲದಿದ್ದರೆ ತಡವಾಗಿ ಬಂದವರಿಗೆ ಚುಚ್ಚಿದ ಹಾಗೆ ಕೇಳಿಸುತ್ತದೆ. ಸ್ಪೀಕ್ಸ್ ನೈಸ್ ಅನ್ನುವುದನ್ನು ನೈಸ್ಲಿ ಅಂತ ತಿದ್ದಿ, ಆಮೇಲೆ ಇಡೀ ಸಾಲನ್ನೇ ಹೊಡೆದು ಹಾಕಿದ್ದೇನೆ. ಯಾಕೆಂದರೆ ಅದು ಸುಳ್ಳು. ಮಿಕ್ಕ ಎಂಟಕ್ಕೆ ಪಕ್ಕದಲ್ಲಿ ಬರೀ ಪ್ರಶ್ನೆ ಬರೆದಿದ್ದೇನೆ. "ನೈಸ್ ಗೈಡೆನ್ಸ್" ಪಕ್ಕದಲ್ಲಿ "ಯಾವತ್ತು? ಏನು ಹೇಳಿದರು?" ಅಂತ. "ನೈಸ್ ಮೆಮೊರೀಸ್" ಪಕ್ಕದಲ್ಲಿ "ಒಂದು ಹೇಳು" ಅಂತ. "ಶೀ ಈಸ್ ಎ ವೆರಿ ನೈಸ್ ಪರ್ಸನ್" ಪಕ್ಕದಲ್ಲಿ ನೀನೇ ಫೋನಿನಲ್ಲಿ ಹೇಳಿದ ಮಾತನ್ನು ಬರೆದಿದ್ದೇನೆ: "ಅವತ್ತು ಮೇಡಂ ಮೀಟಿಂಗಿಂದ ಹೊರಗೆ ಬಂದು ಏನೂ ಆಗದ ಹಾಗೆ ನನ್ನ ಫೈಲ್ ನನ್ನ ಟೇಬಲ್ ಮೇಲಿಟ್ಟು ಹೋದರು." ಇದನ್ನು ಹಾಗೇ ಇಂಗ್ಲಿಷಿಗೆ ತಾ. ವಿಶೇಷಣ ಒಂದೂ ಬೇಕಾಗುವುದಿಲ್ಲ.

ಗುರುವಾರದೊಳಗೆ ಮತ್ತೆ ಕಳಿಸಿದರೆ ಇನ್ನೊಮ್ಮೆ ನೋಡಿ ಕೊಡುತ್ತೇನೆ. ಉದ್ದವಾದರೂ ಪರವಾಗಿಲ್ಲ. ನಿಮ್ಮಮ್ಮನಿಗೆ ಈ ಕಾಗದ ತೋರಿಸಬೇಡ. "ಅಕ್ಕ ಮಗುವಿಗೆ ಪಾಠ ಶುರು ಮಾಡಿದಳು" ಅಂತ ನಗುತ್ತಾಳೆ.

ಇನ್ನೊಂದು ಕೇಳುವುದಿತ್ತು. ಆ ಮೊದಲ ವರದಿಯ ಕೊನೆಯ ಪುಟದಲ್ಲಿ, ಕೆಂಪು ಶಾಯಿಯಲ್ಲೇ, ಮೇಡಂ ಒಂದು ಸಾಲು ಬರೆದಿದ್ದರು ಅಂದಿದ್ದೆ. ಅವತ್ತು ಸಿಟ್ಟಿನಲ್ಲಿದ್ದೆ, ಏನು ಅಂತ ಹೇಳಲೇ ಇಲ್ಲ. ಆ ವರದಿ ಇನ್ನೂ ಇಟ್ಟುಕೊಂಡಿದ್ದೀಯಾ? ಇದ್ದರೆ ಹುಡುಕು.

ನಿನ್ನ,
ದೊಡ್ಡಮ್ಮ